ಶೇಕಡಾ ಮೂರು

ಮೊದಲನೆಯದು ಸಿಕ್ಕಿದ್ದು ನೈಫಿನ ಹಳೇ ಸಾಮಾನಿನ ಗಲ್ಲಿಯಲ್ಲಿ.
ಐವತ್ತು ದಿರಹಮ್ ಅಂದ, ನಲವತ್ತಕ್ಕೆ ಬಿಟ್ಟ.
ಅಂಗೈಯಗಲದ ಆಟದ ಪೆಟ್ಟಿಗೆ. ಎಡಗುಂಡಿ ಸತ್ತಿತ್ತು,
ಅವ ಹೇಳಲಿಲ್ಲ, ನಾನು ಕೇಳಲಿಲ್ಲ.
ಮೇಲಿಂದ ಬೀಳುವ ಇಟ್ಟಿಗೆಗಳೆಲ್ಲ
ಬಲಗೋಡೆಗೇ ಹೋಗಿ ಆತುಕೊಳ್ಳುತ್ತಿದ್ದವು.
ಹಗಲೆಲ್ಲ ಬ್ಲಾಕು ಹೊತ್ತ ಪೋಶೆಟ್ಟಿ
ರಾತ್ರಿ ಮೇಲಿನ ಬಂಕಿನಲ್ಲಿ ಅಂಗಾತ ಮಲಗಿ
ಇದನ್ನೇ ಆಡುತ್ತಿದ್ದ.
'ಇವಕ್ಕೆ ತೂಕವಿಲ್ಲ' ಅನ್ನುತ್ತಿದ್ದ.

ನನಗೆ ಆಡುವುದಕ್ಕಿಂತ ಬಿಚ್ಚುವ ಚಟ.
ಕನ್ನಡಕದಂಗಡಿಯ ಸ್ಕ್ರೂಡ್ರೈವರ್, ಹಳೇ ಟೂತ್‌ಬ್ರಷ್,
ಅತ್ತರಿನ ಶೀಶೆಯಲ್ಲಿ ಸ್ಪಿರಿಟ್.
ನಮ್ಮ ಕ್ಯಾಂಪಿರುವ ಜಾಗದ ಹೆಸರು ಸಜಾ.
ನಗಬೇಡಿ. ನಮ್ಮ ಕಡೆ ಅದಕ್ಕೇನರ್ಥವೆಂದು
ಹೆಸರಿಟ್ಟವರಿಗೆ ಗೊತ್ತಿಲ್ಲ, ಪಾಪ.
ಸಜಾದ ಮರಳು ಸಾರಿನಲ್ಲೂ ಸಿಗುತ್ತದೆ,
ಗುಂಡಿಯ ರಬ್ಬರಿನಡಿಯಲ್ಲೂ.
ಬಿಚ್ಚಿ, ಒರೆಸಿ, ಕೂಡಿಸಿದಾಗಲೆಲ್ಲ
ಒಂದು ಸ್ಕ್ರೂ ಮಿಕ್ಕುತ್ತದೆ. ಯಂತ್ರ ಮಾತ್ರ ನಡೆಯುತ್ತದೆ.
ಮಿಕ್ಕಿದ್ದೆಲ್ಲ ಮುಲಾಮಿನ ಡಬ್ಬಿಗೆ.
ಅಲ್ಲಾಡಿಸಿದರೆ ಗೆಜ್ಜೆ.

ಆಮೇಲೆ ವೀಡಿಯೊ ಪ್ಲೇಯರ್ ಬಂತು.
ನಾಲ್ಕಿಂಚಿನ ಪರದೆ, ಮೂಲೆಯಲ್ಲಿ ಕೂದಲೆಳೆಯ ಬಿರುಕು.
ಸಿನಿಮಾವನ್ನು ಅದರೊಳಗೆ ಹಿಡಿಸುವುದು ಒಂದಿಡೀ ರಾತ್ರಿಯ ಕೆಲಸ:
ಸ್ಟೋರ್‌ಕೀಪರ್ ವಲೇರಿಯನ್ನನ ಕಂಪ್ಯೂಟರಿಗೆ
ಡಿಸ್ಕು ತುರುಕಿ ಬಂದರೆ ಬೆಳಗಿನವರೆಗೆ ಅರೆಯುತ್ತಿತ್ತು,
ಒಬ್ಬಂಟಿ ಗ್ರೈಂಡರಿನ ಹಾಗೆ.
ಹೀರೋನ ಮೂಗು ಒಂದು ಚುಕ್ಕಿ.
ಹಾಡಿನ ಬೆಟ್ಟ ನಾಲ್ಕು ಹಸಿರು ಚೌಕ.
ತುಟಿ ಮುಚ್ಚಿದ ಮೇಲೆ ಮಾತು ಹೊರಡುತ್ತಿತ್ತು.
ಯಾರೂ ದೂರಲಿಲ್ಲ.

ಸಜಾದಿಂದ ಜಬಲ್ ಅಲಿಗೆ ಬಸ್ಸು ಒಂದೂಮುಕ್ಕಾಲು ಗಂಟೆ.
ಬ್ಯಾಟರಿ ಒಂದು ಗಂಟೆ ಇಪ್ಪತ್ತು ನಿಮಿಷ.
ಇಂಟರ್ವಲ್‌ವರೆಗೆ ಒಂದು ದಿನ, ಮರುದಿನ ಉಳಿದದ್ದು.
ಒಂದು ಸೀಟಿನ ಸುತ್ತ ಎಂಟು ತಲೆ.
ಬಿಸಿಲು ಬಿದ್ದರೆ ಪರದೆಯಲ್ಲಿ ನಮ್ಮ ಮೋರೆಯೇ ಕಾಣುವುದು,
ಅದಕ್ಕೆ ಟೈಲ್ಸಿನ ರಟ್ಟು ಕತ್ತರಿಸಿ ಮಾಡು ಕಟ್ಟಿದೆ.
ದೂರದಲ್ಲಿ ಜಬಲ್ ಅಲಿಯ ಚಿಮಣಿಗಳು ಏಳುವ ಹೊತ್ತಿಗೆ
ಖಳ ಪಿಸ್ತೂಲೆತ್ತುವ ಹೊತ್ತಿಗೆ
ಕೆಂಪು ಅಕ್ಷರ: ಶೇಕಡಾ ಮೂರು.
ಆಮೇಲೆ ಕಪ್ಪು.
ಕಪ್ಪಿನೊಳಗೆ ಎಂಟು ಹೆಲ್ಮೆಟ್ಟು.

ಉಳಿದ ಕತೆ ಬಾಯಲ್ಲೇ.
ಪೋಶೆಟ್ಟಿಗೆ ಎಲ್ಲರೂ ಬದುಕಬೇಕು, ಖಳನೂ;
ಅವನನ್ನು ತೀರ ಶಿಕ್ಷಿಸಬೇಕೆಂದರೆ ನಮ್ಮ ಫೋರ್‌ಮನ್ನಿನ ಕೈಕೆಳಗೆ ಹಾಕುವನು.
ನೇಪಾಳದ ತೇಜಮಾನ್ ಒಬ್ಬನನ್ನಾದರೂ ಕೊಲ್ಲದೆ ಬಿಡ.
ಪರದೆಯನ್ನು ಒಮ್ಮೆಯೂ ಕಾಣದವನು ಡ್ರೈವರ್ ಜರ್ವಾಲಿ,
ಕಿವಿಯಲ್ಲೇ ಸಿನಿಮಾ ನೋಡಿದವನು,
ಒಂದು ದಿನ ಕನ್ನಡಿಯಲ್ಲಿ ನಮ್ಮನ್ನು ಹುಡುಕಿ ಕೇಳಿದ:
'ಹುಡುಗಿಯ ಅಪ್ಪನ ಸಾಲ ಏನಾಯಿತು?'

ಸಾಲ ಯಾರಿಗೂ ನೆನಪಿರಲಿಲ್ಲ.
ತೀರಿಸಿದೆವು.
ಒಬ್ಬ ಅಂಗಡಿ ಇಡಿಸಿದ, ಒಬ್ಬ ಬಡ್ಡಿ ಬಿಡಿಸಿದ,
ಪೋಶೆಟ್ಟಿ ಎರಡು ಎಮ್ಮೆ ಕೊಟ್ಟ.
ಗೇಟು ಬರುವುದರೊಳಗೆ ಹೇಗೋ ಪೂರಾ ತೀರಿಸಿದೆವು.

ಈದಿಗೆ ಓವರ್‌ಟೈಮ್ ಸಿಕ್ಕಿತು.
ಇನ್ನೊಂದು ಬ್ಯಾಟರಿ ತಂದು ಬೆಸುಗೆ ಹಾಕಿ
ಕಪ್ಪು ಟೇಪು ಸುತ್ತಿದೆ. ಪ್ಲೇಯರಿನ ಬೆನ್ನಿಗೆ ಗೂನು ಬಂತು.
ಅದೇ ಸಿನಿಮಾ ಮತ್ತೆ ಹಾಕಿದೆ, ಹೆಮ್ಮೆಗೆ.
ಈ ಸಲ ಕೊನೆಯವರೆಗೂ ಓಡಿತು.
ಪಿಸ್ತೂಲು ಹಾರಿತು, ಪೋಲೀಸರು ಬಂದರು, ಮದುವೆಯಾಯಿತು,
ಹೆಸರುಗಳು ಇರುವೆಸಾಲಿನಂತೆ ಮೇಲೆ ಹತ್ತಿದವು.
ಸಾಲದ ಮಾತೇ ಬರಲಿಲ್ಲ.

ಯಾರೂ ಮಾತಾಡಲಿಲ್ಲ.
ಗೇಟಿನ ಹತ್ತಿರ ಜರ್ವಾಲಿ ಗೇರು ಇಳಿಸುತ್ತಾ
'ಅಷ್ಟೇನಾ?' ಅಂದ.

ಆ ರಾತ್ರಿ ಗೂನು ಬಿಚ್ಚಿ ಒಂದು ವೈರು ಕತ್ತರಿಸಿದೆ.
ಕಳಪೆ ಮಾಲು, ಹೋಯಿತು ಅಂದೆ.
ನಂಬಿದರೋ ಇಲ್ಲವೋ,
ತೇಜಮಾನ್ ಮಾತ್ರ ನನ್ನ ಕತ್ತರಿಯನ್ನೊಮ್ಮೆ ನೋಡಿದ.
ಕೆಂಪು ವೈರಿನ ತುಂಡು ಸ್ಕ್ರೂಗಳ ಜತೆ ಡಬ್ಬಿಯಲ್ಲಿದೆ.
ಈಗ ಅಲ್ಲಾಡಿಸಿದರೆ ಸದ್ದು ತುಸು ಮೆತ್ತಗೆ.